ಪ್ರತಿಭೆ ಯಾರ ಸ್ವತ್ತು?

ವಿದ್ಯೆಯೆಂಬುದು ಕಳ್ಳರು ಕದಿಯಲಾಗದ, ದಾಯಾದಿಗಳು ಪಾಲು ಕೇಳಲಾಗದ ಧನವೆಂದು ನಮ್ಮ ಹಿರಿಯರು ಕೊಂಡಾಡುತ್ತ ಬಂದಿದ್ದಾರೆ. ಈ ಮಾತು ಗಳಿಸಿದ ವಿದ್ಯೆಗೆ ಸಲ್ಲುತ್ತದೆ. ವಿದ್ಯೆಯನ್ನು ಗಳಿಸುವ ಅವಕಾಶಕ್ಕೆ ಸಲ್ಲುವುದಿಲ್ಲ. ಅವಕಾಶವು ಮಿತವಾದುದು, ಅದಕ್ಕೆ ಪಾಲುದಾರರು ಬಹಳ. ಒಂದು ಉತ್ತಮ ಶಾಲೆಯಲ್ಲಿ ಎಂಬತ್ತು ಸ್ಥಾನಗಳಿದ್ದು, ಅವನ್ನು ಬಯಸುವ ಮಕ್ಕಳು ಸಾವಿರಗಟ್ಟಲೆ ಇರುವಾಗ, ಒಂದು ಮಗುವಿಗೆ ದೊರೆತ ಸ್ಥಾನವು ಇನ್ನೊಂದು ಮಗುವಿಗೆ ತಪ್ಪಿದ ಸ್ಥಾನವೇ ಆಗಿರುತ್ತದೆ. ಆಗ ಅದನ್ನು ಯಾರಿಗೆ, ಯಾವ ನ್ಯಾಯದಿಂದ ಕೊಡಬೇಕೆಂಬುದು ಕೇವಲ ಶಿಕ್ಷಣ ಇಲಾಖೆಯ ಪ್ರಶ್ನೆಯಾಗಿ ಉಳಿಯದೆ ಧರ್ಮದ ಪ್ರಶ್ನೆಯಾಗುತ್ತದೆ. 'ಯೋಗ್ಯರಿಗೆ ಕೊಡಿರಿ' ಎಂಬುದು ಎಲ್ಲರೂ ಒಪ್ಪುವ ಉತ್ತರ. ಆದರೆ ಹತ್ತು ವರುಷದ ಮಗುವಿನಲ್ಲಿ ಕಾಣುವ ಯೋಗ್ಯತೆಯಲ್ಲಿ ಮಗುವಿನದೆಷ್ಟು, ಮನೆಯದೆಷ್ಟು? ಈ ಪ್ರಶ್ನೆಗೆ ಉತ್ತರ ಹೇಳದೆ ಮೊದಲಿನ ಉತ್ತರವು ಪೂರ್ಣವಾಗುವುದಿಲ್ಲ.

ವಿಚಾರಕ್ಕೆ ಒಂದು ನಿಜವಾದ ಸಂಸ್ಥೆಯನ್ನೇ ಎದುರಿಗಿಟ್ಟುಕೊಳ್ಳುವುದು ಲೇಸು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬೆಳೆದ ಜವಾಹರ ನವೋದಯ ವಿದ್ಯಾಲಯಗಳನ್ನು ಇಂದು ಅರಿಯದ ಹಳ್ಳಿಯಿಲ್ಲ. ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಗಳಲ್ಲಿ ಪ್ರಯೋಗರೂಪವಾಗಿ ಆರಂಭವಾದ ಈ ವಸತಿ ಶಾಲೆಗಳು ಇಂದು ದೇಶದಲ್ಲಿ ೬೫೦ಕ್ಕೂ ಹೆಚ್ಚಿವೆ. ನಮ್ಮ ಹಾವೇರಿ ಜಿಲ್ಲೆಗೂ ಒಂದು ಇದೆ. ಗ್ರಾಮೀಣ ಪ್ರದೇಶದ ಪ್ರತಿಭಾವಂತ ಮಕ್ಕಳಿಗೆ, ಅವರ ಮನೆಯ ಸ್ಥಿತಿಗತಿ ಹೇಗೆಯೇ ಇರಲಿ, ಉತ್ತಮ ಶಿಕ್ಷಣ ದೊರೆಯಬೇಕೆಂಬುದೇ ಇವುಗಳ ಮೂಲ ಸಂಕಲ್ಪ. ಸ್ಥಾನಗಳಲ್ಲಿ ಕನಿಷ್ಠ ಶೇಕಡಾ ೭೫ರಷ್ಟು ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರನೆಯ ಒಂದು ಪಾಲು ಬಾಲಕಿಯರಿಗೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜಿಲ್ಲೆಯ ಜನಸಂಖ್ಯೆಗೆ ಅನುಗುಣವಾದ ಪಾಲು. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳನ್ನು ಹಿಂದೀ ನಾಡಿಗೆ ಕಳುಹಿ, ಅಲ್ಲಿಯ ಮಕ್ಕಳನ್ನು ಇಲ್ಲಿಗೆ ಕರೆಸಿಕೊಳ್ಳುವ ಏರ್ಪಾಡು ದೇಶದ ಏಕತೆಯ ದೃಷ್ಟಿಯಿಂದ ಸ್ತುತ್ಯವಾದುದು. ನಮ್ಮ ರಾಜ್ಯ ಸರಕಾರವು ನಡೆಸುವ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು ಕೂಡ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕವೇ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಇವೆಲ್ಲವೂ ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಗಳು. ಇವುಗಳಿಂದ ಬಡವರ ಮಕ್ಕಳು ವೈದ್ಯರೂ ಅಭಿಯಂತರರೂ ಅಧಿಕಾರಿಗಳೂ ಆಗಿರುವುದು ನಿರ್ವಿವಾದ. ಆ ಉಪಕಾರವನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ.

ಈಗ ಆಯ್ಕೆಯ ಬಗೆಯನ್ನು ನೋಡೋಣ. ನವೋದಯದ ಪರೀಕ್ಷೆಯು ಎರಡು ಗಂಟೆಗಳದು. ೮೦ ಪ್ರಶ್ನೆಗಳು, ೧೦೦ ಅಂಕಗಳು. ಅವುಗಳಲ್ಲಿ ಅರ್ಧದಷ್ಟು ಅಂಕಗಳು ಬುದ್ಧಿಶಕ್ತಿಯ ಪರೀಕ್ಷೆಗೆ. ಉಳಿದರ್ಧವು ಗಣಿತಕ್ಕೂ ಭಾಷೆಗೂ ಸಮನಾಗಿ ಹಂಚಿದೆ. ಮಗುವು ತನ್ನ ತಾಯ್ನುಡಿಯಲ್ಲಿಯೇ ಉತ್ತರಿಸಬಹುದು. ಬುದ್ಧಿಶಕ್ತಿಯ ಪ್ರಶ್ನೆಗಳಲ್ಲಿ ಮಾತೇ ಇಲ್ಲ, ಬರಿಯ ಆಕೃತಿಗಳು. ಓದಿದ ಮನೆಯ ಮಗು, ಓದದ ಮನೆಯ ಮಗು ಎಂಬ ಭೇದವಿಲ್ಲದೆ ಹುಟ್ಟು ಚುರುಕುತನವು ಗೋಚರವಾಗಲೆಂಬ ಸದುದ್ದೇಶ ಇದರ ಹಿಂದಿದೆ. ಆದರೆ ಯಾವ ಆಕೃತಿಯೂ ಮೊದಲ ಸಲ ಕಂಡಾಗ ಒಗಟು, ನೂರನೆಯ ಸಲ ಕಂಡಾಗ ರೂಢಿ. ಆಕೃತಿಗಳನ್ನು ಬಿಡಿಸುವ ಪುಸ್ತಕಗಳು ಪೇಟೆಯಲ್ಲಿ ರಾಶಿ ಬಿದ್ದಿವೆ; ಅವನ್ನು ಕಲಿಸುವ ತರಬೇತಿ ಕೇಂದ್ರಗಳು ತಾಲ್ಲೂಕು ಊರುಗಳವರೆಗೂ ಬಂದಿವೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬಂತೆ ಮೂರನೆಯ ತರಗತಿಯಿಂದಲೇ ನವೋದಯದ ಸಿದ್ಧತೆ ನಡೆಸುವ ಮನೆಗಳಿವೆ. ಹುಟ್ಟು ಚುರುಕುತನವನ್ನು ಅಳೆಯಲೆಂದು ಮಾಡಿದ ಕೋಲು ಹೀಗೆ ಸಿದ್ಧತೆಯನ್ನು ಅಳೆಯುವ ಕೋಲಾಗಿ ಮಾರ್ಪಡುತ್ತದೆ. ಮತ್ತು ಈ ಪರೀಕ್ಷೆಗೆ ಒಂದು ಮಗು ಒಂದೇ ಬಾರಿ ಕುಳಿತುಕೊಳ್ಳಬಹುದು.

ಬ್ಯಾಡಗಿಯ ಇಬ್ಬರು ಮಕ್ಕಳನ್ನು ಭಾವಿಸೋಣ. ಒಬ್ಬನ ತಂದೆ ನೌಕರಿಯಲ್ಲಿದ್ದಾನೆ. ತಾಯಿ ಸಂಜೆ ಮಗನನ್ನು ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತಾಳೆ. ಇನ್ನೊಬ್ಬಳ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ಸುಗ್ಗಿಯ ಕಾಲದಲ್ಲಿ, ಸೋಮವಾರ ಗುರುವಾರಗಳ ಮಾರುಕಟ್ಟೆಯು ತುಂಬಿ ತುಳುಕುವಾಗ, ಆ ತಾಯಿಯ ಕೈಗೆ ಬಿಡುವಿಲ್ಲ; ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸುವ ಕೆಲಸ ಹತ್ತು ವರುಷದ ಅಕ್ಕನದು. ಆ ದಿನಗಳ ಆಸುಪಾಸಿನಲ್ಲಿಯೇ ಪ್ರವೇಶ ಪರೀಕ್ಷೆಯೂ ಬರುತ್ತದೆ. ಬಾಲಕನು ೮೫ ಅಂಕಗಳನ್ನೂ ಬಾಲಕಿಯು ೭೦ ಅಂಕಗಳನ್ನೂ ಪಡೆದರೆಂದು ಇಟ್ಟುಕೊಳ್ಳೋಣ. ಯಾರು ಹೆಚ್ಚು ಯೋಗ್ಯರು? ಅಂಕಪಟ್ಟಿಯು ಕ್ಷಣಮಾತ್ರದಲ್ಲಿ ಉತ್ತರ ಹೇಳುತ್ತದೆ. ಆದರೆ ಅಂಕಪಟ್ಟಿಯು ಹೇಳುವುದು ಅವರು ಎಲ್ಲಿ ಬಂದು ನಿಂತಿದ್ದಾರೆಂಬುದನ್ನು. ಎಲ್ಲಿಂದ ನಡೆದು ಬಂದರೆಂಬುದನ್ನಲ್ಲ. ಕಾಯಕವನ್ನು ಮನುಷ್ಯನ ಹಿರಿಮೆಗೆ ಅಳತೆಯಾಗಿಸಿಕೊಂಡ ಪರಂಪರೆಯು ನಮ್ಮದು. ಆ ಅಳತೆಯಿಂದ ನೋಡಿದರೆ ದೂರ ನಡೆದು ಬಂದವಳ ಶ್ರಮವನ್ನು ಲೆಕ್ಕಕ್ಕೆ ಹಿಡಿಯದ ತಕ್ಕಡಿಯು ಪೂರ್ಣವಾದ ತಕ್ಕಡಿಯಲ್ಲ.

ತಕ್ಕಡಿಯ ಮಾತು ಬಂದುದರಿಂದ ಬ್ಯಾಡಗಿಯ ಜನಕ್ಕೆ ಬೇರೆ ದೃಷ್ಟಾಂತವೇ ಬೇಡ. ಬ್ಯಾಡಗಿ ಮೆಣಸಿನಕಾಯಿಗೆ ೨೦೧೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಕೀರ್ತಿಯು ಖಾರದಿಂದ ಬಂದುದಲ್ಲ. ಗಾಢವಾದ ಕೆಂಪು ಬಣ್ಣದಿಂದ, ಸುಕ್ಕುಗಟ್ಟಿದ ಸಿಪ್ಪೆಯಿಂದ, ಮಂದವಾದ ಖಾರದಿಂದ ಬಂದುದು. ಖಾರವೊಂದನ್ನೇ ಅಳತೆಗೋಲಾಗಿ ಮಾಡಿದ್ದರೆ ಬ್ಯಾಡಗಿಯ ಕಾಯಿಯು ಗುಂಟೂರಿನ ಕಾಯಿಯ ಮುಂದೆ ಸೋತು, ಹಿತ್ತಲಿನ ಬೆಳೆಯಾಗಿಯೇ ಉಳಿಯುತ್ತಿತ್ತು. ಬಣ್ಣವನ್ನು ಗುರುತಿಸುವ ಕಣ್ಣು ಇದ್ದುದರಿಂದ ಅದು ದೇಶವಿದೇಶಗಳಿಗೆ ಹೋಯಿತು. ಅಳತೆಯು ಬದಲಾದರೆ ಉತ್ತಮವೆನಿಸುವ ವಸ್ತುವೂ ಬದಲಾಗುತ್ತದೆ. ಆದುದರಿಂದ ಅಳತೆಗೋಲನ್ನು ಆರಿಸುವುದೇ ಒಂದು ನೈತಿಕ ಕಾರ್ಯ. ಅದನ್ನು ಯಂತ್ರವು ಮಾಡಿತೆಂದಾಗಲಿ, ಪರೀಕ್ಷೆಯು ತಾನಾಗಿಯೇ ತೀರ್ಮಾನಿಸಿತೆಂದಾಗಲಿ ಹೇಳಿ ನಾವು ಜವಾಬ್ದಾರಿಯಿಂದ ಜಾರಿಕೊಳ್ಳುವಂತಿಲ್ಲ.

ಇಂಥ ಶಾಲೆಗಳ ಫಲಿತಾಂಶದ ವಿಷಯದಲ್ಲಿಯೂ ಒಂದು ಮಾತು ಅವಶ್ಯ. ಕೇಂದ್ರೀಯ ಮಂಡಳಿಯ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಯ ಪರೀಕ್ಷೆಗಳಲ್ಲಿ ನವೋದಯದ ಮಕ್ಕಳು ೨೦೨೪ ಮತ್ತು ೨೦೨೫ರಲ್ಲಿ ಶೇಕಡಾ ೯೮ಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಉತ್ತೀರ್ಣರಾದರು. ಇದು ಅಭಿಮಾನದ ಸಂಗತಿ. ಆದರೆ ಜಿಲ್ಲೆಯ ಚುರುಕಾದ ಎಂಬತ್ತು ಮಕ್ಕಳನ್ನು ಆರಿಸಿ ತಂದು, ಅವರಿಗೆ ಊಟ, ವಸತಿ, ಪುಸ್ತಕ, ಉಪಾಧ್ಯಾಯರು ಎಲ್ಲವನ್ನೂ ಒದಗಿಸಿದ ಮೇಲೆ ಅವರು ಗೆದ್ದರೆ, ಆ ಗೆಲುವಿನಲ್ಲಿ ಶಾಲೆಯ ಪಾಲೆಷ್ಟು, ಆಯ್ಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಅತ್ತ ಹಳ್ಳಿಯ ಸರಕಾರಿ ಶಾಲೆಯ ಉಪಾಧ್ಯಾಯನೊಬ್ಬನು ಮನೆಯಲ್ಲಿ ಓದುವ ದೀಪವಿಲ್ಲದ ಮಕ್ಕಳಲ್ಲಿ ಮುಕ್ಕಾಲು ಪಾಲನ್ನು ಉತ್ತೀರ್ಣಗೊಳಿಸಿದರೆ ಅವನ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಹಸನಾದ ಕಾಯಿಗಳನ್ನೇ ಆರಿಸಿ ಚೀಲ ತುಂಬಿದವನಿಗೆ ಬಹುಮಾನ. ಕಲ್ಲು ನೆಲವನ್ನು ಹದಗೊಳಿಸಿ ಬೆಳೆ ತೆಗೆದವನಿಗೆ ಮರೆವು. ಇದು ನ್ಯಾಯವಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಬೇಕು: ತರಗತಿಯ ಚುರುಕು ಮಕ್ಕಳು ಒಬ್ಬೊಬ್ಬರಾಗಿ ಹೊರಟು ಹೋದ ಮೇಲೆ ಹಳ್ಳಿಯ ಶಾಲೆಯಲ್ಲಿ ಉಳಿದ ಮಕ್ಕಳ ಗತಿಯೇನು? ಅವರ ತಂದೆತಾಯಿಗಳ ಪರವಾಗಿ ಶಾಲೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಮಾತಾಡುವವರು ಯಾರು?

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. 'ಹೀಗೆ ಮನೆಯ ಸ್ಥಿತಿಗತಿಗಳನ್ನು ನೋಡುತ್ತ ಹೋದರೆ ಅರ್ಹತೆಗೆ ಬೆಲೆಯೆಲ್ಲಿ? ಚೆನ್ನಾಗಿ ಓದಿದ ಮಗುವು ತಾನು ಮಾಡದ ಅಪರಾಧಕ್ಕೆ ದಂಡ ತೆರಬೇಕೆ?' ಎಂದು. ಈ ಆಕ್ಷೇಪವು ಹಗುರವಾದುದಲ್ಲ, ಹೊಸದೂ ಅಲ್ಲ. ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು ನೇಮಿಸಿ, ಸರಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳ ಪಾಲನ್ನು ಹೆಚ್ಚಿಸಲು ಹೊರಟಾಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಒಪ್ಪಲಿಲ್ಲ. ಆಡಳಿತದ ದಕ್ಷತೆಯು ಕುಗ್ಗುವುದೆಂಬುದು ಅವರ ಭಯವಾಗಿತ್ತು. ಅವರ ಪ್ರಾಮಾಣಿಕತೆಯನ್ನು ಯಾರೂ ಸಂದೇಹಿಸಲಾರರು. ಆದರೆ ಅಂದು ಆ ಸಮಿತಿಯ ದೃಷ್ಟಿಯಲ್ಲಿ ಹಿಂದುಳಿದವರೆನಿಸಿದವರಲ್ಲಿ ನಮ್ಮ ಲಿಂಗಾಯತ ಸಮಾಜವೂ ಸೇರಿತ್ತೆಂಬುದನ್ನು ನಾವು ಮರೆಯಬಾರದು. ಇತ್ತ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿಯೂ ಸ್ಥಿತಿಯು ಬೇರೆಯಾಗಿರಲಿಲ್ಲ. ೧೮೮೩ರಲ್ಲಿ ಅರಟಾಳ ರುದ್ರಗೌಡರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದುದೂ, ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಅಡಿಗಲ್ಲನ್ನಿಟ್ಟುದೂ, ಧಾರವಾಡದ ಮುರುಘಾಮಠವು ಪ್ರಸಾದ ನಿಲಯವನ್ನು ತೆರೆದುದೂ ಏತಕ್ಕಾಗಿ? ನಮ್ಮ ಮಕ್ಕಳಲ್ಲಿ ಬುದ್ಧಿಯಿಲ್ಲವೆಂದಲ್ಲ. ಅನ್ನವಿಲ್ಲದೆ, ಆಸರೆಯಿಲ್ಲದೆ ಬುದ್ಧಿಯು ಬೆಳಕಿಗೆ ಬಾರದೆಂದು. ಅಂದು ಯಾರಾದರೂ ಆ ಮಕ್ಕಳನ್ನು ಅಂಕಪಟ್ಟಿಯಿಂದ ಮಾತ್ರ ಅಳೆದಿದ್ದರೆ ಇಂದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಪದವೀಧರರಿರುತ್ತಿದ್ದರು?

ಮುಂದೆ ಕಾಲಚಕ್ರವು ತಿರುಗಿತು. ೧೯೭೨ರಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ಎಲ್. ಜಿ. ಹಾವನೂರರು ೧೯೭೫ರಲ್ಲಿ ವರದಿಯನ್ನೊಪ್ಪಿಸಿದರು. ಅವರು ನಮ್ಮ ರಾಣೆಬೆನ್ನೂರಿನ ಭಾಗದವರೇ. ಆ ವರದಿಯು ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಿತು. ಆಗ ನಮ್ಮ ಸಮಾಜದಲ್ಲಿ ಎದ್ದ ಅಸಮಾಧಾನವು ಇಂದಿಗೂ ಹಿರಿಯರ ನೆನಪಿನಲ್ಲಿದೆ. ಆ ವರದಿಯ ಸರಿತಪ್ಪುಗಳ ವಿಮರ್ಶೆ ಇಲ್ಲಿ ಬೇಡ. ನಮ್ಮಲ್ಲಿಯೇ ಕಡುಬಡವರಾದ ಕುಟುಂಬಗಳು ಸಾವಿರಾರು ಇವೆಯೆಂಬ ವಾದದಲ್ಲಿ ಸತ್ಯವಿಲ್ಲದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಏಣಿಯ ಕೆಳಗಿನ ಮೆಟ್ಟಿಲಲ್ಲಿದ್ದಾಗ ಮನುಷ್ಯನು ನ್ಯಾಯದ ಮಾತನ್ನಾಡುತ್ತಾನೆ, ಮೇಲೇರಿದಾಗ ಅರ್ಹತೆಯ ಮಾತನ್ನಾಡುತ್ತಾನೆ. ಇದು ಯಾವುದೇ ಒಂದು ಜಾತಿಯ ದೋಷವಲ್ಲ, ಮನುಷ್ಯಸ್ವಭಾವದ ದೋಷ. ತನಗೆ ಬೇಕಾದಾಗ ಒಂದು ತಕ್ಕಡಿ, ಪರರಿಗೆ ಬೇಕಾದಾಗ ಇನ್ನೊಂದು ತಕ್ಕಡಿ ಹಿಡಿಯುವವನನ್ನು ಸಂತೆಯಲ್ಲಿ ನಾವು ಏನೆಂದು ಕರೆಯುತ್ತೇವೆ?

ಈ ಸ್ವಭಾವವು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಥಾಮಸ್ ಜೆಫರ್ಸನ್ ಅವರ ಹೆಸರಿನ ಒಂದು ಸರಕಾರಿ ವಿಜ್ಞಾನ ಪ್ರೌಢಶಾಲೆ ಇದೆ. ೨೦೨೦ರಲ್ಲಿ ಅಲ್ಲಿಯ ಆಡಳಿತವು ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟು, ಪ್ರತಿಯೊಂದು ಮಾಧ್ಯಮಿಕ ಶಾಲೆಯ ಉತ್ತಮ ವಿದ್ಯಾರ್ಥಿಗಳಿಗೂ ಇಂತಿಷ್ಟು ಪಾಲೆಂದು ಗೊತ್ತುಮಾಡಿತು. ಮರುವರ್ಷ ಸೇರಿದ ತಂಡದಲ್ಲಿ ಬಡ ಕುಟುಂಬದ ಮಕ್ಕಳ ಪ್ರಮಾಣವು ಶೇಕಡಾ ಒಂದಕ್ಕಿಂತಲೂ ಕಡಿಮೆಯಿದ್ದುದು ೨೫ಕ್ಕೆ ಏರಿತು. ಏಷ್ಯಾ ಮೂಲದ ಮಕ್ಕಳ ಪ್ರಮಾಣವು ೭೩ರಿಂದ ೫೪ಕ್ಕೆ ಇಳಿಯಿತು. ನ್ಯಾಯಾಲಯಕ್ಕೆ ಹೋದ ಪಾಲಕರಲ್ಲಿ ಭಾರತೀಯ ಮೂಲದವರೂ ಇದ್ದರು. ೨೦೨೪ರ ಫೆಬ್ರುವರಿಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಮೊಕದ್ದಮೆಯನ್ನು ವಿಚಾರಣೆಗೆತ್ತಿಕೊಳ್ಳಲು ನಿರಾಕರಿಸಿತು. ಆ ಪಾಲಕರ ನೋವನ್ನು ನಾವು ಲಘುವಾಗಿ ಕಾಣಬಾರದು. ಪರನಾಡಿಗೆ ಹೋಗಿ, ಹಗಲಿರುಳು ದುಡಿದು, ಮಕ್ಕಳ ಓದೊಂದನ್ನೇ ಆಸ್ತಿಯೆಂದು ನಂಬಿದವರು ಅವರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಗೆ ಬಡವರ ಮಕ್ಕಳಲ್ಲಿ ನೂರಕ್ಕೆ ಒಬ್ಬರೂ ಬಾರದಿದ್ದರೆ, ಬಡವರ ಮಕ್ಕಳಲ್ಲಿ ಪ್ರತಿಭೆಯಿಲ್ಲವೆಂದು ಹೇಳಬೇಕೇ, ಇಲ್ಲವೇ ಬಾಗಿಲು ಇಕ್ಕಟ್ಟಾಗಿದೆಯೆಂದು ಹೇಳಬೇಕೇ? ಮೊದಲನೆಯದನ್ನು ಹೇಳಲು ಮನಸ್ಸಾಕ್ಷಿಯುಳ್ಳ ಯಾರಿಗೂ ನಾಲಗೆ ಏಳುವುದಿಲ್ಲ.

ಈ ವಿಷಯದಲ್ಲಿ ಶರಣ ಪರಂಪರೆಯು ನಮಗೆ ಕೊಡುವ ಬೆಳಕೆಂಥದು? ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯು ಎಲ್ಲರಿಗೂ ತಿಳಿದುದೇ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಮಾರಯ್ಯನು ಕದ್ದಿರಲಿಲ್ಲ, ತನ್ನ ಕೈಯಾರೆ ಆಯ್ದು ತಂದಿದ್ದನು. ಶ್ರಮವು ಅವನದೇ. ಆದರೂ ಲಕ್ಕಮ್ಮನ ದೃಷ್ಟಿಯಲ್ಲಿ ಅಗತ್ಯವನ್ನು ಮೀರಿದುದು ಬೇರೊಬ್ಬರ ಪಾಲು. 'ನಾನು ದುಡಿದು ಗಳಿಸಿದೆ, ಆದುದರಿಂದ ಎಲ್ಲವೂ ನನ್ನದು' ಎಂಬ ವಾದವು ಅಲ್ಲಿಗೆ ಮುಗಿಯುವುದಿಲ್ಲವೆಂಬುದೇ ಈ ಕಥೆಯ ತಿರುಳು. ನಗರದಲ್ಲಿ ಉತ್ತಮ ಶಾಲೆಯ ಅನುಕೂಲವಿರುವ, ಹಣ ತೆತ್ತು ಓದಿಸಬಲ್ಲ ಮನೆಯವರು ಬಡ ಹಳ್ಳಿಯ ಮಗುವಿಗೆಂದು ಕಟ್ಟಿದ ಉಚಿತ ಸ್ಥಾನಕ್ಕೆ ಕೈಚಾಚುವ ಮುನ್ನ ಲಕ್ಕಮ್ಮನನ್ನು ನೆನೆಯಬೇಕು. ಗ್ರಾಮೀಣ ಪಾಲಿಗೆ ಅರ್ಹತೆ ದೊರೆಯಬೇಕಾದರೆ ಮಗುವು ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿಯೇ ಓದಿರಬೇಕೆಂಬ ನಿಯಮವಿದೆ. ಪೇಟೆಯಲ್ಲಿ ವಾಸ, ಹಳ್ಳಿಯ ಶಾಲೆಯಲ್ಲಿ ಹೆಸರು, ತರಬೇತಿ ಕೇಂದ್ರದಲ್ಲಿ ಓದು ಎಂಬ ಉಪಾಯವನ್ನು ಹೂಡುವವರು ನಿಯಮದ ಅಕ್ಷರವನ್ನು ಪಾಲಿಸಿದರೂ ಅದರ ಆತ್ಮವನ್ನು ಕೊಲ್ಲುತ್ತಾರೆ. ಅಂಥ ಮನೆಯ ಮಗುವಿಗೆ ದೊರೆಯುವ ಮೊದಲ ಪಾಠವೇ ಸುಳ್ಳಿನ ಪಾಠವಾಗುತ್ತದೆ. ಮುಂದೆ ಎಷ್ಟು ಉತ್ತಮ ಶಾಲೆಯೂ ಅದನ್ನು ತೊಳೆಯಲಾರದು.

ಆದರೆ ಲಕ್ಕಮ್ಮನ ಮಾತನ್ನು ಅಪಾರ್ಥ ಮಾಡಿಕೊಳ್ಳಬಾರದು. ಚುರುಕಾದ ಮಗುವು ಓದಬೇಕೆಂದು ಹಂಬಲಿಸುವುದು ದುರಾಸೆಯಲ್ಲ. ಶ್ರೀಮಂತರ ಮನೆಯಲ್ಲಿ ಹುಟ್ಟಿದುದು ಪಾಪವೂ ಅಲ್ಲ. ಕಲಿಕೆಯ ಕನಿಷ್ಠ ಸಿದ್ಧತೆಯಿಲ್ಲದ ಮಗುವನ್ನು ಕರುಣೆಯೊಂದರಿಂದಲೇ ಕಠಿಣ ತರಗತಿಗೆ ತಳ್ಳುವುದು ಆ ಮಗುವಿಗೂ ಹಿತವಲ್ಲ. ಆದುದರಿಂದ ಪರೀಕ್ಷೆಯು ಬೇಡವೇ ಬೇಡವೆಂದು ಹೇಳುವುದು ವಿವೇಕವಾಗದು. ಪರೀಕ್ಷೆಯು ಹೊಸ್ತಿಲಾಗಲಿ, ಸಿಂಹಾಸನವಾಗುವುದು ಬೇಡ. ಹೊಸ್ತಿಲನ್ನು ದಾಟಿದ ಮಕ್ಕಳಲ್ಲಿ ಯಾರು ದೂರದಿಂದ ನಡೆದು ಬಂದಿದ್ದಾರೆ, ಯಾರಿಗೆ ಬೇರೆ ದಾರಿಯೇ ಇಲ್ಲ ಎಂಬುದನ್ನು ನೋಡಿ ಸ್ಥಾನ ಕೊಡುವುದರಲ್ಲಿ ಅರ್ಹತೆಗೂ ಅಪಚಾರವಿಲ್ಲ, ನ್ಯಾಯಕ್ಕೂ ಲೋಪವಿಲ್ಲ.

ಪ್ರತಿಭೆಯನ್ನು ಗುರುತಿಸಲು ಪರೀಕ್ಷೆಯಲ್ಲದೆ ಬೇರೆ ಕಣ್ಣು ಇದೆಯೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಮಣ್ಣೇ ಉತ್ತರ ಹೇಳುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ೧೮೬೭ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಗುರುತಿಸಿ, ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ತಮ್ಮಂತೆಯೇ ದೃಷ್ಟಿಯಿಲ್ಲದ ಮಕ್ಕಳನ್ನು ಎತ್ತಿಕೊಂಡರು. ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಅವರ ಮಡಿಲಲ್ಲಿ ಬೆಳೆದು ನಾಡಿಗೆ ನಾದದ ಕಣ್ಣಾದರು. ಅಂದಿನ ಯಾವ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಆ ಅಂಧ ಬಾಲಕನು ಉತ್ತೀರ್ಣನಾಗುತ್ತಿದ್ದನು? ಪ್ರಶ್ನಪತ್ರಿಕೆಯನ್ನು ಓದಲೂ ಆಗದವನೆಂದು ಬಾಗಿಲಿನಿಂದಲೇ ಹಿಂದೆ ಕಳುಹಿಸುತ್ತಿದ್ದರು. ಗುರುವು ಪ್ರತಿಭೆ ಬರಲೆಂದು ಕಾದು ಕೂಡಲಿಲ್ಲ. ಅದಿರುವಲ್ಲಿಗೆ ತಾನೇ ಹೋದನು. ಇನ್ನೊಂದೆಡೆ, ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಅಲ್ಲಿ ಹಸಿವೇ ಅರ್ಹತೆಯಾಗಿತ್ತು. ದಾಸೋಹವೆಂದರೆ ಇದು: ಕೊಡುವವನು ಕೊಟ್ಟೆನೆಂದುಕೊಳ್ಳದೆ, ಸಲ್ಲಬೇಕಾದುದು ಸಂದಿತೆಂದು ತಿಳಿಯುವುದು.

ಹಾಗಾದರೆ ಮಾಡಬೇಕಾದುದೇನು? ಸರಕಾರವು ಇಂಥ ಶಾಲೆಗಳಿಗೆ ಬರುವ ಮಕ್ಕಳ ಮನೆಯ ಸ್ಥಿತಿಯನ್ನು ಪ್ರತಿ ವರ್ಷವೂ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಜನರ ಮುಂದಿಡಬೇಕು. ಫಲಿತಾಂಶದ ಶೇಕಡಾವಾರಿನಷ್ಟೇ ಇದೂ ಮುಖ್ಯ. ಊರೂರಿನ ಶಾಲೆಗಳಿಂದಲೂ ಮಕ್ಕಳು ಬರುವಂತೆ ಪಾಲನ್ನು ಹರಡಬೇಕು. ಪರೀಕ್ಷೆಯ ಸಿದ್ಧತೆಯನ್ನು ಹಳ್ಳಿಯ ಶಾಲೆಯಲ್ಲಿಯೇ ಉಚಿತವಾಗಿ ಕಲಿಸಿದರೆ ತರಬೇತಿಯ ವ್ಯಾಪಾರಕ್ಕೆ ಬಲ ಕುಂದುತ್ತದೆ. ಈ ಕೆಲಸದಲ್ಲಿ ಮಠಗಳಿಗೂ ಪಾಲಿದೆ. ಸಂಜೆಯ ಹೊತ್ತು ಮಠದ ಅಂಗಳದಲ್ಲಿ ದೀಪ ಹಚ್ಚಿ, ಓದಿದ ತರುಣರು ನಾಲ್ಕಾರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ ಅದಕ್ಕಿಂತ ಮಿಗಿಲಾದ ಪೂಜೆ ಯಾವುದು? ಸುಗ್ಗಿಯ ತಿಂಗಳುಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಎಳೆಯ ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಊರಿನಲ್ಲಾದರೆ ಎಷ್ಟೋ ಅಕ್ಕಂದಿರು ಶಾಲೆಗೆ ಮರಳುತ್ತಾರೆ. ಬೆಲೆ ಕುಸಿದ ವರ್ಷ ರೈತನ ಮನೆಯಲ್ಲಿ ಮೊದಲು ನಿಲ್ಲುವುದು ಮಗಳ ಓದು. ೨೦೨೪ರ ಮಾರ್ಚ್‌ನಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಲೆ ಬಿದ್ದು, ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿದುದನ್ನು ನಾಡೇ ಕಂಡಿತು. ಸುಟ್ಟ ವಾಹನಗಳ ಲೆಕ್ಕ ಬರೆದವರು ಹಲವರು; ಆ ವರ್ಷ ನಿಂತ ಓದುಗಳ ಲೆಕ್ಕವನ್ನು ಯಾರು ಬರೆದರು? ಅಂಥ ಹೊತ್ತಿನಲ್ಲಿ ನೆರವಾಗುವ ನಿಧಿಯೊಂದು ಪ್ರತಿ ಊರಿನಲ್ಲಿಯೂ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮನೋಭಾವದ ಮಾತು. ಆಯ್ಕೆಯಾದ ಮಗುವಿಗೆ 'ನೀನು ಉಳಿದವರಿಗಿಂತ ಮೇಲು' ಎಂದು ಹೇಳಿ ಬೆಳೆಸಿದರೆ ಅದು ಅಧಿಕಾರಿಯಾಗಬಹುದು, ಶರಣನಾಗಲಾರದು. 'ಈ ಸ್ಥಾನವು ನಿನ್ನ ಜಿಲ್ಲೆಯ ಸಾವಿರ ಮಕ್ಕಳ ಪಾಲಿನಿಂದ ನಿನಗೆ ಒಪ್ಪಿಸಿದ ನಿಕ್ಷೇಪ. ಅದನ್ನು ಬೆಳೆಸಿ ಮರಳಿ ಕೊಡುವ ಹೊಣೆ ನಿನ್ನದು' ಎಂದು ಹೇಳಿ ಬೆಳೆಸಬೇಕು. ಆಯ್ಕೆಯಾಗದ ಮಗುವಿಗೂ ಒಂದು ಮಾತನ್ನು ಹೇಳಬೇಕು: ಎರಡು ಗಂಟೆಗಳ ತಕ್ಕಡಿಯು ತೂಗಿದುದು ನಿನ್ನನ್ನಲ್ಲ, ಆ ದಿನದ ನಿನ್ನ ಸಿದ್ಧತೆಯನ್ನು. ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುವುದೆಂಬ ಗಾದೆಯಿದೆ. ಆದರೆ ನೀರು ಕಾಣದ ಮೊಳಕೆಯನ್ನು ನೋಡಿ ಬೀಜದ ಗುಣವನ್ನು ನಿರ್ಣಯಿಸಬಾರದೆಂಬುದು ಒಕ್ಕಲಿಗನಿಗೆ ಗೊತ್ತು.

ಪ್ರತಿಭೆಯು ಮಗುವಿನ ಸ್ವತ್ತೂ ಅಲ್ಲ, ಮನೆಯ ಸ್ವತ್ತೂ ಅಲ್ಲ, ಜಾತಿಯ ಸ್ವತ್ತಂತೂ ಅಲ್ಲವೇ ಅಲ್ಲ. ಅದು ಸಮಾಜವು ಉತ್ತಿ ಬಿತ್ತಿ ಕಾಯಬೇಕಾದ ಬೆಳೆ. ಎಂಬತ್ತು ಸ್ಥಾನಗಳನ್ನು ನ್ಯಾಯವಾಗಿ ಹಂಚುವುದು ನಮ್ಮ ಮೊದಲ ಕರ್ತವ್ಯ. ಎಂಬತ್ತೊಂದನೆಯ ಮಗುವು ಓದುವ ಹಳ್ಳಿಯ ಶಾಲೆಯನ್ನು, ಅಲ್ಲಿಗೂ ಜನರು ಹಂಬಲಿಸುವಂತೆ ಕಟ್ಟುವುದು ಎರಡನೆಯದು ಮತ್ತು ಹಿರಿಯದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ನಾವು ಕೆಲವರಿಗೆ ದಾರಿ ತೋರಿಸಿದಂತಾಗುವುದೇ ಹೊರತು ನಾಡಿಗೆ ಬೆಳಕು ತಂದಂತಾಗುವುದಿಲ್ಲ.